ಕೊನೆಯ ಸಾಲು ಖಾಲಿ

ಬಾಲ್ಯವೆಂದರೆ ಶುಂಪೇಗೆ ಮೊದಲು ನೆನಪಾಗುವುದು ಅಜ್ಜಿಯ ಅಂಗಡಿಯ ವಾಸನೆ. ಕೆಂಡದ ಮೇಲೆ ಅಕ್ಕಿಯ ಬಿಲ್ಲೆಗಳನ್ನು ಸುಡುತ್ತ ಆಕೆ ಸೋಯಾ ರಸ ಸವರುವಾಗ ಒಂದೆರಡು ಹನಿ ಕೆಂಡಕ್ಕೆ ಬಿದ್ದು ಚುಯ್ಯೆಂದು ಸೀಯುತ್ತಿತ್ತು, ಆ ಘಮ ಬೀದಿಯ ತುದಿಯವರೆಗೂ ಹಬ್ಬುತ್ತಿತ್ತು. ಅಂಗಡಿಯ ಮೂಲೆಯಲ್ಲಿ ಒಂದು ಆಟದ ಯಂತ್ರವಿತ್ತು. ನಾಣ್ಯ ಹಾಕುವವರು ಇರಲಿ, ಬಿಡಲಿ, ಅದು ಒಂದೇ ಪುಟ್ಟ ರಾಗವನ್ನು ಸುತ್ತಿ ಸುತ್ತಿ ನುಡಿಸುತ್ತಿತ್ತು. ಅಜ್ಜಿ ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದಳು. ಶುಂಪೇಗೆ ಹಾಗೆ ಬಿಡಲಾಗಲಿಲ್ಲ.

ಮುಂದೆ ಅವನು ವಿಡಿಯೊ ಆಟಗಳಿಗೆ ಸಂಗೀತ ಬರೆಯುವವನಾದ. ಆಗ ಕಂಪನಿಗಳು ಸಂಗೀತ ಬರೆದವರ ನಿಜವಾದ ಹೆಸರು ಹಾಕುತ್ತಿರಲಿಲ್ಲ. ಬೇರೆ ಕಂಪನಿಯವರು ಬಂದು ಅವರನ್ನು ಕರೆದುಕೊಂಡು ಹೋದಾರೆಂಬ ಭಯಕ್ಕೆ ಏನೋ ಒಂದು ಅಡ್ಡಹೆಸರು ಅಂಟಿಸುತ್ತಿದ್ದರು. ಯಂತ್ರಗಳು ಬೆಳೆದವು, ಕೀಚು ದನಿಯ ಜಾಗಕ್ಕೆ ನಿಜವಾದ ವಾದ್ಯಗಳು ಬಂದವು, ಕಡೆಗೆ ಅವನ ಹೆಸರೂ ಬಂತು. ಕೂದಲು ನರೆಯುವ ಹೊತ್ತಿಗೆ, ಅವನ ಆಟಗಳನ್ನು ಆಡಿ ಬೆಳೆದವರೊಬ್ಬರು ತಮ್ಮ ಅನಿಮೆ ಚಿತ್ರಸರಣಿಗೆ ಸಂಗೀತ ಮಾಡಿಕೊಡಿ ಎಂದರು. ಕಥೆಯ ಕೊನೆ ಕೇಳಿಯೇ ಶುಂಪೇ ಒಪ್ಪಿಕೊಂಡಿದ್ದ. ದೀಪಸ್ತಂಭ ಕಾಯುವ ಮುದುಕನೊಬ್ಬ ಕಡೆಯ ಸಲ ದೀಪ ಆರಿಸಿ ಮೆಟ್ಟಿಲಿಳಿದು ಬರುವ ದೃಶ್ಯ ಅದು.

ಗೊಂದಲ ಶುರುವಾದದ್ದೂ ಆ ದೃಶ್ಯದಿಂದಲೇ.

"ಗುರುಗಳೇ, ಎಲ್ಲಾ ಚೆನ್ನಾಗಿದೆ. ಆದ್ರೆ ಒಂದೂ ಮುಗಿಯೋದೇ ಇಲ್ವಲ್ಲ," ಎಂದಳು ಒಗಾತಾ ರಿತ್ಸುಕೊ. ಯಾವ ಸಂಗೀತ ಎಲ್ಲಿ ಕೂರಬೇಕೆಂದು ತೀರ್ಮಾನಿಸುವ ಧ್ವನಿ ನಿರ್ದೇಶಕಿ ಆಕೆ. ನಕಾನೊ ಬಡಾವಣೆಯ ಧ್ವನಿಮುದ್ರಣ ಕೋಣೆಯಲ್ಲಿ ಬೆಳಗಿನಿಂದ ಇಬ್ಬರೂ ಕೂತಿದ್ದರು.

"ಮುಗಿಯುತ್ತಲ್ಲ?"

"ಎಲ್ಲಿ? ತುದಿಗೆ ಬಂತು ಅನ್ನೋಷ್ಟರಲ್ಲಿ ಮತ್ತೆ ಶುರುವಿಗೇ ಹೋಗುತ್ತೆ. ನಮ್ಮತ್ತೆ ಮಾತಿನ ಹಾಗೆ."

ಶುಂಪೇ ಬೆಪ್ಪಾದ. ಆಟದೊಳಗಿನ ಗುಹೆಯ ಬಾಗಿಲಲ್ಲಿ ಆಡುವ ಮಗು ಎಷ್ಟು ಹೊತ್ತು ನಿಂತೀತೆಂದು ಯಾರಿಗೆ ಗೊತ್ತು? ಅದಕ್ಕೇ ರಾಗದ ಬಾಲ ತಲೆಗೆ ಕೂಡಿಕೊಳ್ಳಬೇಕು, ಬೆಸುಗೆ ಕಿವಿಗೆ ಸಿಗಬಾರದು. ಅವನು ಜೀವಮಾನವಿಡೀ ಪಳಗಿಸಿಕೊಂಡ ವಿದ್ಯೆ ಅದೇ. ಅನಿಮೆಗೆ ಬರೆಯುವಾಗಲೂ ಕೈ ತನ್ನಷ್ಟಕ್ಕೆ ಅದನ್ನೇ ಮಾಡಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

"ಬೇರೆದನ್ನೆಲ್ಲ ಸದ್ದು ಇಳಿಸಿ ಹೇಗೋ ಸಾಗಹಾಕ್ತೀನಿ," ಎಂದಳು ಒಗಾತಾ. "ಮುದುಕ ಇಳಿದು ಬರೋ ಕಡೆ ಹಾಗಾಗಲ್ಲ. ಅಲ್ಲಿ ನಿಲ್ಲಬೇಕು."

"ಆ ಚಿತ್ರ ಒಂದ್ಸಲ ತೋರಿಸ್ತೀರಾ?"

"ಇನ್ನೂ ಬರೀತಾ ಇದಾರೆ. ನಮ್ಮಲ್ಲಿ ಸಂಗೀತ ಮೊದಲು, ಚಿತ್ರ ಆಮೇಲೆ. ಗೊತ್ತಿದ್ದೂ ಕೇಳ್ತೀರಲ್ಲ." ಆಕೆ ದನಿ ತಗ್ಗಿಸಿದಳು. "ಇವತ್ತು ಆಗ್ಲಿಲ್ಲ ಅಂದ್ರೆ ಅದೊಂದನ್ನ ಬೇರೆಯವರ ಕೈಲಿ ಮಾಡಿಸ್ಬೇಕಾಗುತ್ತೆ. ತಪ್ಪು ತಿಳ್ಕೋಬೇಡಿ."

ಅದೊಂದಕ್ಕಾಗಿಯೇ ಅವನು ಬಂದಿದ್ದ. ಹೊರಗಿನ ಬೆಂಚಿನ ಮೇಲೆ ಕೂತು ಕೊನೆ ಬರೆದ, ಹೊಡೆದುಹಾಕಿದ. ಒಂದು ಅಳುಬುರುಕಾಯಿತು. ಇನ್ನೊಂದು ಆಟ ಗೆದ್ದವರಿಗೆ ಊದುವ ಕಹಳೆಯಂತಾಯಿತು. ಮತ್ತೊಂದು ಮುಖದ ಮೇಲೆ ಬಾಗಿಲು ಹಾಕಿದಂತೆ ಕೇಳಿಸಿತು. ತನಗೆ ಬರುವುದಿಲ್ಲವೋ, ಈ ರಾಗಕ್ಕೇ ನಿಲ್ಲಲು ಮನಸ್ಸಿಲ್ಲವೋ, ಅವನಿಗೆ ತಿಳಿಯಲಿಲ್ಲ.

ದೊಡ್ಡ ಪಿಟೀಲಿನಂಥ ಚೆಲೋ ನುಡಿಸುವ ಕಝುಎ ಬಂದು ಪಕ್ಕದಲ್ಲಿ ಕೂತಳು. ಅವನ ಹಳೆಯ ಆಟಗಳಿಗೂ ನುಡಿಸಿದ್ದವಳು. ಹೊಡೆದುಹಾಕಿದ್ದನ್ನು ಕಾಣದವಳಂತೆ ಹಾಳೆ ಎತ್ತಿಕೊಂಡಳು.

"ಕೊನೆ ಸಾಲು ಖಾಲಿ ಇದೆಯಲ್ಲ, ಶುಂಪೇ-ಸಾನ್."

"ಏನು ಬರೀಬೇಕೋ ಗೊತ್ತಾಗ್ತಿಲ್ಲ."

"ಮೊದಲೆಲ್ಲ ಹೇಗೆ ನಿಲ್ತಾ ಇತ್ತು?"

"ನಾನೆಲ್ಲಿ ನಿಲ್ಲಿಸ್ತಿದ್ದೆ? ಆಡೋರಿಗೆ ಸಾಕಾದ್ರೆ ಟಿವಿ ಆಫ್ ಮಾಡಿ ಎದ್ದು ಹೋಗೋರು. ಅಷ್ಟೇ."

ಕಝುಎ ಹಾಳೆಯನ್ನು ಅವನಿಗೆ ವಾಪಸು ಕೊಟ್ಟಳು. "ಹಾಗಾದ್ರೆ ನಾನು ಸುತ್ತಿ ಸುತ್ತಿ ನುಡಿಸ್ತಾ ಇರ್ತೀನಿ. ನಿಲ್ಲಿಸ್ಬೇಕು ಅನ್ನಿಸಿದಾಗ ನಿಲ್ಲಿಸ್ತೀನಿ."

"ಆಗ ಅದು ನನ್ನ ಕೆಲಸ ಆಗುತ್ತಾ?"

"ಅದು ನಂಗೇನು ಗೊತ್ತು? ಬೇರೆ ದಾರಿ ಇದ್ರೆ ಹೇಳಿ."

ಇರಲಿಲ್ಲ. ಒಗಾತಾ ಮುಖ ಹುಳ್ಳಗೆ ಮಾಡಿಕೊಂಡೇ ಒಪ್ಪಿದಳು.

ಗಾಜಿನ ಆಚೆ ಕಝುಎ ಒಬ್ಬಳೇ ಕೂತು ಕಮಾನು ಎಳೆದಳು. ಈಚೆ ಶುಂಪೇ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ. ರಾಗ ತುದಿಗೆ ಬಂತು, ತಲೆಗೆ ಹೋಯಿತು, ಮತ್ತೆ ಬಂತು. ಈಗ ನಿಂತೀತು, ಈಗ ನಿಂತೀತು ಎಂದು ಕಾಯುತ್ತಿದ್ದವನಿಗೆ ನಿಲ್ಲುವುದು ಬೇಕೋ ಬೇಡವೋ ಎಂಬುದೇ ಮರೆತುಹೋಯಿತು.

"ಮನೆಗೆ ಹೋಗೋ ಯೋಚನೆ ಇದೆಯಾ ಇವರಿಗೆ?" ಎಂದು ಒಗಾತಾ ಗೊಣಗಿದಳು.

ನಿಂತು ನಿಂತು ಮಂಡಿ ಸೋತಿತ್ತು. ಏನನ್ನೂ ಯೋಚಿಸದೆ ಶುಂಪೇ ಹಿಂದಿದ್ದ ಸ್ಟೂಲಿನ ಮೇಲೆ ಕೂತ. ರಾಗದ ಸಾಲು ಇನ್ನೂ ಅರ್ಧದಲ್ಲಿತ್ತು. ಆ ಅರ್ಧದಲ್ಲೇ ಕಝುಎ ಕಮಾನು ಎತ್ತಿದಳು. ತಂತಿ ಇನ್ನೊಂಚೂರು ಗುಂಯ್ಗುಟ್ಟಿ ಸುಮ್ಮನಾಯಿತು.

"ಇದು ಮುಗಿದದ್ದಾ, ತಪ್ಪಿದ್ದಾ?" ಒಗಾತಾ ಪಿಸುಗುಟ್ಟಿದಳು.

"ಗೊತ್ತಿಲ್ಲ." ಶುಂಪೇ ಮೈಕಿನ ಗುಂಡಿ ಒತ್ತಿದ. "ಕಝುಎ-ಸಾನ್, ಅಲ್ಲೇ ಯಾಕೆ ನಿಲ್ಲಿಸಿದ್ರಿ?"

"ನೀವು ಕೂತ್ಕೊಂಡ್ರಲ್ಲ," ಎಂದಿತು ಆಚೆಯ ದನಿ. "ಪಾಪ, ಸಾಕಾಯ್ತೇನೋ ಅನ್ಕೊಂಡೆ."

ಒಗಾತಾ ಮತ್ತೆ ಹಾಕಿ ಕೇಳಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದಳು. ಆಮೇಲೆ ಫೋನೆತ್ತಿ, ಬೇರೆಯವರು ಬರುವುದು ಬೇಡವೆಂದು ಯಾರಿಗೋ ಹೇಳಿದಳು.

"ಇದನ್ನೇ ಇಟ್ಕೋತೀನಿ. ಮುದುಕ ಕಡೇ ಮೆಟ್ಟಿಲ ಮೇಲೆ ಕಾಲಿಡೋವಾಗ."

"ಆದ್ರೆ ಅದನ್ನ ನಾನು ಬರೆದಿಲ್ಲ."

"ಮತ್ಯಾರು ಬರೆದ್ರು?"

"ಅದೇ ಗೊತ್ತಾಗ್ತಿಲ್ಲ."

ಅವನು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ರಾಗ ಮುಗಿಯಿತೆಂದು ಹಾಕುವ ಜೋಡಿಗೆರೆಯನ್ನು ಎಳೆದ. ಅಳಿಸಿದ. ಮತ್ತೆ ಎಳೆದು, ಸರಿಯೇ ಎಂದು ದಿಟ್ಟಿಸುತ್ತ ಕೂತ. ಹೊರಗೆ ಮಿಕ್ಕವರು ಊಟದ ಡಬ್ಬಿ ಬಿಚ್ಚುವ ಸದ್ದಾಗುತ್ತಿತ್ತು. ಇವತ್ತು ಅವನೂ ಊಟದ ಹೊತ್ತಿನವರೆಗೆ ಇರುತ್ತಾನೆಂದು ಯಾರೂ ಎಣಿಸಿರಲಿಲ್ಲ, ಹಾಗಾಗಿ ಅವನ ಪಾಲಿನ ಡಬ್ಬಿ ತರಿಸಿರಲಿಲ್ಲ. ಒಗಾತಾ ತನ್ನ ಡಬ್ಬಿಯ ಮುಚ್ಚಳ ತೆಗೆದು, ಸುಟ್ಟ ಮೀನು ಅವನ ಕಡೆಗೆ ಬರುವಂತೆ ತಿರುಗಿಸಿ, ಊಟದ ಕಡ್ಡಿಗಳನ್ನು ಅವನ ಕೈಗೆಟುಕುವಂತೆ ಇಟ್ಟು, ಅವನ ಮುಂದೆ ಸರಿಸಿದಳು.