ಏನ ಉಂಡ ಬಂದಿ

ಬಟ್ಟಲಲ್ಲಿದ್ದುದನ್ನು ಹಸೀನಾ ಇನ್ನೊಮ್ಮೆ ಮೂಸಿ ನೋಡಿ ಮುಖ ತಿರುಗಿಸಿದಳು. ಮೊಳಕೆ ಬಂದ ಮಡಕಿಕಾಳನ್ನು ಬೇಯಿಸಿ, ಶೇಂಗಾ ಸೇರಿಸಿ, ಮಿಕ್ಸರಿನಲ್ಲಿ ತಿರುವಿದ ಮುದ್ದೆ. ಹಲ್ಲಿಲ್ಲದ ಮಾವ ಕಾಳು ಅಗಿಯಲಾರ. ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ. ಔಷಧಿ ಅಂಗಡಿಯಿಂದ ತಂದ ಪ್ರೋಟೀನ್ ಪುಡಿಯನ್ನು ಮೊದಲ ಗುಟುಕಿಗೇ ಹಾಸಿಗೆಯ ಮೇಲೆ ಕಾರಿಕೊಂಡಿದ್ದ. ಇನ್ನು ಉಳಿದದ್ದು ಇದೊಂದೇ. ಬೂದಿ ಬೆರೆತ ಹಸಿರು ಬಣ್ಣ, ಅಂಚಿನಲ್ಲಿ ಒಸರುವ ಲೋಳೆ. ಮುಂಜಾನೆ ಅವನ ಹಿಮ್ಮಡದ ಪಟ್ಟಿ ಬಿಚ್ಚಿದಾಗ ಅರಿವೆಗೆ ಅಂಟಿಕೊಂಡು ಬಂದದ್ದೂ ಹೆಚ್ಚುಕಡಿಮೆ ಇದೇ ಬಣ್ಣದ್ದು. ಅದು ನೆನಪಾಗಿ ಅವಳು ಬಟ್ಟಲನ್ನು ದೂರ ಸರಿಸಿದಳು.

ಮಾವ ಯಮನೂರಸಾಬ ಸೈಕಲ್ಲಿನಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದ. ಎಲುಬು ಕೂಡಿತು. ಮಲಗಿ ಮಲಗಿ ಹಿಮ್ಮಡದಲ್ಲಾದ ಹುಣ್ಣು ಮಾತ್ರ ಮಾಯಲಿಲ್ಲ. ರೋಣದ ಡಾಕ್ಟರು ಹುಣ್ಣಿನ ಸುತ್ತ ಒತ್ತಿ ನೋಡಿ, "ಮೈಯಾಗ ಪ್ರೋಟೀನ್ ಇಲ್ಲ, ಹೊಸಾ ಚರ್ಮ ಎಲ್ಲಿಂದ ಬರಬೇಕವ್ವಾ? ದಿನಾ ತತ್ತಿ ಕೊಡು. ಇಲ್ಲಂದ್ರ ಕಾಲ ಉಳಿಯೂದು ಕಷ್ಟ ಐತಿ" ಎಂದಿದ್ದರು. ತತ್ತಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾವ ಗೋಡೆಯ ಕಡೆ ಹೊರಳಿದ್ದ.

ಅವನು ಊರೂರು ತಿರುಗಿ ಅರಳೆ ಹಿಂಜಿ ಗಾದಿ ತುಂಬಿದವನು. ದನಿ ಚೆನ್ನಾಗಿತ್ತು. ರಾಜೂರಿನ ಭಜನೆ ಮೇಳಕ್ಕೆ ಅವನನ್ನು ಕರೆತಂದು ಕೈಗೆ ತಾಳ ಕೊಟ್ಟವನು ನೀಲಪ್ಪ. ತಾಳ ಕೊಡುವ ಮೊದಲು ಮಾತು ತೆಗೆದುಕೊಂಡಿದ್ದ: ಖಂಡ ಮುಟ್ಟಬಾರದು, ತತ್ತಿ ಮುಟ್ಟಬಾರದು. ಅಂದಿನಿಂದ ಹಸೀನಾಳ ಅತ್ತೆ ಕಾಶೀಂಬಿ ಗಂಡನಿಗೆಂದು ಬೇರೆ ಗಡಿಗೆ ಇಟ್ಟಳು, ಬೇರೆ ಸೌಟು ಇಟ್ಟಳು. ಬಕ್ರೀದಿನ ದಿನ ಅವನು ತನ್ನ ತಾಟು ಹಿಡಿದುಕೊಂಡು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ. "ಒಂದ ಹಬ್ಬಕ್ಕರ ನನ್ನ ತಾಟಿನ್ಯಾಗ ಕೈ ಹಾಕಲಿಲ್ಲ ಈ ಮನಶ್ಯಾ" ಎಂದು ಸಾಯುವ ವರ್ಷವೂ ಅತ್ತೆ ಹಸೀನಾಳೆದುರು ಹೇಳಿದ್ದಳು.

ಇಷ್ಟಾದರೂ ಪ್ರತಿ ಭಜನೆಗೆ ಮೊದಲು ನೀಲಪ್ಪ ಎಲ್ಲರೆದುರು ಕೇಳುತ್ತಿದ್ದ, ನಕ್ಕೋತ, ರಾಗ ಎಳೆದು: "ಯಮನೂರಾ, ಮನ್ಯಾಗ ಏನ ಉಂಡ ಬಂದಿ?" ರೊಟ್ಟಿ, ಪುಂಡಿಪಲ್ಯ ಎಂದು ಇವನು ಹೇಳಬೇಕು. ಮೇಳವೆಲ್ಲ ನಗಬೇಕು. ಆಮೇಲೆ ಕೂರಬೇಕು. ಬೇರೆ ಯಾರನ್ನೂ ಹಾಗೆ ಕೇಳಿದ್ದಿಲ್ಲ.

ನಿನ್ನೆ ಹಸೀನಾ ತಾನೇ ನೀಲಪ್ಪನ ಮನೆಗೆ ಹೋಗಿ ಬಾಗಿಲಲ್ಲಿ ನಿಂತಿದ್ದಳು. "ಕಾಕಾ, ನೀವ ಹೇಳಿದ್ರ ಕೇಳತಾರ. ಆ ಮಾತಿನಿಂದ ಅವರನ್ನ ಬಿಡಸ್ರಿ."

ಇಂದು ನೀಲಪ್ಪ ಬಂದಾಗ ಹಣೆಯ ತುಂಬ ವಿಭೂತಿ ಇತ್ತು, ಹೆಗಲಲ್ಲಿ ತಾಳದ ಚೀಲ. ಹೊಸ್ತಿಲು ದಾಟುತ್ತಲೇ ಟಾವೆಲ್ಲಿನ ಚುಂಗನ್ನು ಮೂಗಿಗೆ ಹಿಡಿದ. "ಏನ ವಾಸನಿ ತಂಗೀ ಇದು? ಹುಣ್ಣಿಂದೋ, ಅಡಗಿದೋ?"

"ಎರಡೂದ್ರಿ, ಕಾಕಾ."

ಹಾಸಿಗೆಯಿಂದ ಮಾರು ದೂರದಲ್ಲಿ ಕುಂತು ಚೀಲದೊಳಗೆ ಕೈ ಹಾಕಿದ. ತಾಳಗಳ ನಡುವಿನಿಂದ ಕಾಗದದ ಪೊಟ್ಟಣವೊಂದು ಬಂತು. ಬೇಯಿಸಿ ಸುಲಿದ ಎರಡು ತತ್ತಿ. ಒದ್ದೆ ಬಿಳುಪಿಗೆ ಕೈಯ ವಿಭೂತಿ ಹತ್ತಿಕೊಂಡು, ಅದರ ಮೇಲೆ ಅವನ ಬೆರಳಿನ ಗುರುತು ಮೂಡಿತ್ತು.

"ತಗೋ. ನಾ ಬಿಟ್ಟೀನಿ ನಿನ್ನ. ಔಷಧ ಅಂತ ತಿಳಿ."

"ಮಾತ ಕೊಟ್ಟದ್ದು ನಿನಗೊಬ್ಬವಗ ಅಲ್ಲ" ಎಂದ ಯಮನೂರಸಾಬ.

"ಏ ಹುಚ್ಚಪ್ಪಾ." ನೀಲಪ್ಪ ದನಿ ತಗ್ಗಿಸಿದ, ಗುಟ್ಟು ಹೇಳುವ ಸಂತೋಷದಲ್ಲಿ. "ನಾನೂ ತಿಂತೀನಿ. ಖರೇನ. ಗಜೇಂದ್ರಗಡದ ಸಂತಿಗಿ ಹೋದಾಗೆಲ್ಲ. ತತ್ತಿ ಏನ, ಖಂಡನೂ. ಎಲಿ ಅಡಕಿ ಹಾಕ್ಕೊಂಡ ಬಂದ್ರ ಯಾರ ಮೂಸತಾರ?"

"ಎಂದಿನಿಂದ?"

"ಎಂದಿನಿಂದ ಅಂತ ಹೇಳ್ಲಿ? ನಾ ಬಿಟ್ಟದ್ದಾರ ಯಾವಾಗ?" ಅವನು ನಕ್ಕ. ಅಡಿಕೆಯ ಕೆಂಪು ಒಸಡಿನವರೆಗೂ ಕಂಡಿತು.

ಹಸೀನಾಳಿಗೆ ಬೇಕಾಗಿದ್ದ ಮಾತೇ ಬಂದಿತ್ತು. ಇನ್ನು ಮಾವ ತತ್ತಿ ತಿನ್ನಬಹುದು, ಕಾಲು ಉಳಿಯಬಹುದು. ಆದರೆ ಕಾಗದದ ಮೇಲಿನ ಆ ಎರಡು ಬಿಳಿ ಗುಂಡುಗಳನ್ನು ನೋಡಿದರೆ ಹುಣ್ಣಿನ ಪಟ್ಟಿ ಬಿಚ್ಚುವಾಗಲೂ ಆಗದಷ್ಟು ಅಸಹ್ಯವಾಯಿತು. ಮಾವ ಕೂಗಾಡಿಯಾನು ಎಂದು ಕಾದಳು. ಅವನು ಕೂಗಲಿಲ್ಲ. ಬಾಯಲ್ಲಿಟ್ಟ ತುತ್ತಿನಲ್ಲಿ ಕೂದಲು ಸಿಕ್ಕವನಂತೆ ತುಟಿ ಬಿಗಿದುಕೊಂಡ. ಆಮೇಲೆ ಅದೇ ರಾಗದಲ್ಲಿ, ಅಷ್ಟೇ ಎಳೆದು, ಕೇಳಿದ:

"ನೀಲಪ್ಪಾ, ಮನ್ಯಾಗ ಏನ ಉಂಡ ಬಂದಿ ಇವತ್ತ?"

ನೀಲಪ್ಪನ ನಗು ಅರ್ಧಕ್ಕೇ ನಿಂತಿತು. ಚೀಲ ಹೆಗಲಿಗೇರಿಸಿದ. ಒಳಗಿನ ತಾಳ ಒಂದಕ್ಕೊಂದು ತಾಗಿ ಸದ್ದಾಯಿತು. "ಕಾಲ ಜ್ವಾಕಿ" ಎಂದು ಹೊಸ್ತಿಲಿಗೆ ಹೇಳಿದವನಂತೆ ಹೇಳಿ ಹೊರಬಿದ್ದ.

"ಹಸೀನವ್ವಾ, ಅದನ್ನ ತಾ."

"ಯಾವುದು, ಮಾಮಾ?"

"ಆ ಮುದ್ದಿ."

ಅವಳು ಅಲುಗಲಿಲ್ಲ. "ಇವು ಬ್ಯಾಡ. ನಾ ಅಂಗಡಿಯಿಂದ ಬ್ಯಾರೆ ತತ್ತಿ ತರ್ತೀನಿ, ನನ್ನ ಕೈಲೆ ಕುದಸ್ತೀನಿ. ಲಗೂ ಮಾಯ್ತದ. ಕಾಲ ಹೋದ್ರ ಏನ ಮಾಡ್ತೀರಿ?"

ಯಮನೂರಸಾಬ ಒಲೆಯ ಮೇಲಿನ ಗೂಡಿನ ಕಡೆ ನೋಡಿದ. ಅಲ್ಲಿ ಕಾಶೀಂಬಿ ಇಟ್ಟ ಆ ಗಡಿಗೆ ಇತ್ತು. ತಳ ಸುಟ್ಟು ಕಪ್ಪಾದದ್ದು.

"ನಿಮ್ಮತ್ತಿ ಕಡೀತನಾ ಅದನ್ನ ಬ್ಯಾರೆ ತಿಕ್ಕಿದಳು" ಎಂದ. "ಯಾರ ಸಲುವಾಗಿ ತಿಕ್ಕಿದಳು ಅಂತ ಹೇಳ್ಲಿ ಈಗ?"

ಹಸೀನಾ ಬಟ್ಟಲನ್ನು ತಂದು ಅವನ ಕೈಗೆ ಕೊಟ್ಟಳು. ಅವನು ಎರಡು ಬೆರಳಲ್ಲಿ ಮುದ್ದೆ ತೆಗೆದು ಬಾಯಿಗಿಟ್ಟು, ಕಣ್ಣು ಮುಚ್ಚಿ ನುಂಗಿದ. ಗಂಟಲ ಗಂಟು ಮೇಲೇರಿ ಇಳಿಯಿತು. ಮೂರನೆಯ ತುತ್ತು ತಿರುಗಿ ಬಂತು. ಅವನು ಅಂಗೈಯಿಂದ ಬಾಯಿ ಒತ್ತಿ ಹಿಡಿದ. ಬೆರಳ ಸಂದಿಯಲ್ಲಿ ಹಸಿರು ಲೋಳೆ ಒಸರಿತು, ಕಣ್ಣಲ್ಲಿ ನೀರು ಬಂತು. ಅವನು ಕೈ ತೆಗೆಯಲಿಲ್ಲ. ಅದು ಇಳಿಯುವವರೆಗೂ ಹಾಗೇ ಕುಂತಿದ್ದು, ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಬಟ್ಟಲನ್ನು ಬಳಿದು ಖಾಲಿ ಮಾಡಿ ಅವಳ ಮುಂದೆ ಚಾಚಿದ.

"ಇನ್ನಷ್ಟ ಐತೇನ?"

ನೆಲದ ಮೇಲಿನ ಕಾಗದಕ್ಕೆ ಆಗಲೇ ಇರುವೆ ಸಾಲು ಹತ್ತಿತ್ತು. ವಿಭೂತಿ ಹತ್ತಿದ ಕಡೆ ಬಿಟ್ಟು, ಸುತ್ತು ಬಳಸಿ ಬಿಳುಪಿನ ಮೇಲೆ ಏರುತ್ತಿತ್ತು.