ಸಮದನ ಎರಡನೇ ಸಾಲು

ಅನಗೋಳದ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಕುಳಿತು ನಾನೊಂದು ಪ್ರೋಗ್ರಾಂ ಬರೆದಿದ್ದೇನೆ, ಇಂಟರ್ನೆಟ್ಟಿನ ಹಳೇ ಸುದ್ದಿಗುಂಪುಗಳ ಪತ್ರ ಓದುವುದಕ್ಕೆ. ಅದನ್ನು ಬಳಸುವವರು ಜಗತ್ತಿನಲ್ಲಿ ಇಬ್ಬರು: ಹದಿನೈದು ವರ್ಷದಿಂದ ನಾನು, ಹೋದ ವಾರದಿಂದ ಖಾನಾಪುರದ ಸನಮ. ಆದರೂ ಅದರ ಕೋಡಿನಲ್ಲಿ ಯಾರು ಏನು ಬದಲಿಸಿದರೂ ನಾನು ಪರೀಕ್ಷಿಸಿ ಒಪ್ಪಬೇಕು ಎಂಬ ನಿಯಮವಿದೆ. ನಿಯಮ ಮಾಡಿದವನೂ ನಾನೇ.

ಸನಮ ಕಳಿಸಿದ ಬದಲಾವಣೆ ಹನ್ನೊಂದು ಸಾಲಿನದು. ಪತ್ರದ ಮೇಲ್ಗಡೆ ಯಾರಿಂದ, ಯಾವಾಗ ಎಂದು ಹೇಳುವ ಹೆಡರ್ ಇರುತ್ತದಲ್ಲ, ಅದು ಉದ್ದವಾಗಿ ಎರಡನೇ ಸಾಲಿಗೆ ಇಳಿದರೆ ಅದನ್ನೂ ಓದಬೇಕು ಎಂಬುದು ಅವಳ ವಾದ. ನನ್ನ ಕೋಡು ಮೊದಲ ಸಾಲನ್ನಷ್ಟೇ ಓದುತ್ತಿತ್ತು. ಅಲ್ಲಿ ಕಳಿಸಿದವರ ವಿಳಾಸ ಕಾಣದಿದ್ದರೆ ಪತ್ರವನ್ನು ಪಟ್ಟಿಗೇ ಸೇರಿಸುತ್ತಿರಲಿಲ್ಲ.

ಮೊಸರಿನಲ್ಲಿ ಕಲ್ಲು ಹುಡುಕಿದೆ, ಒಂಬತ್ತು ಸಿಕ್ಕವು. ಅದರಲ್ಲಿ ಆರು, ಸಾಲುಗಳ ನಡುವಿನ ಖಾಲಿ ಜಾಗದ ಬಗ್ಗೆ. ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಅವಳ ಅಪ್ಪನ ಮೇಲಿತ್ತು. ರೇಡಿಯೋ ರಿಪೇರಿಯ ಸಮದ ನನಗೆ ಮೂವತ್ತು ವರ್ಷದ ಗೆಳೆಯ. ಎರಡು ವರ್ಷದ ಹಿಂದೆ ನನ್ನ ಹೆಂಡತಿ ಸಿದ್ದಕ್ಕ ನೆಹರು ನಗರದ ಆಸ್ಪತ್ರೆ ಸೇರಿದಾಗ, ನಮ್ಮ ರೇಡಿಯೋ ಹುಚ್ಚರ ಸುದ್ದಿಗುಂಪಿಗೆ ಬರೆದಿದ್ದೆ. ಎಲ್ಲರೂ ಉತ್ತರಿಸಿದರು, ಸಮದನೊಬ್ಬನನ್ನು ಬಿಟ್ಟು. ಮರುದಿನ ಅವನ ಫೋನ್ ಬಂದಾಗ ನಾನು ಬೇಕಂತಲೇ ಎತ್ತಲಿಲ್ಲ. ಅಂದಿನಿಂದ ಮಾತು ಬಿಟ್ಟೆ, ಮತ್ತು ಅದು ದಿನಾ ನೋಯುತ್ತಿತ್ತು.

ಸನಮಳಿಗೆ ದೊಡ್ಡಸ್ತಿಕೆಯಿಂದ ಬರೆದೆ: "ಎರಡನೇ ಸಾಲಿಗೆ ಹೋಗುವಷ್ಟು ಉದ್ದದ ಹೆಸರು ಯಾರದಿರುತ್ತದೆ? ನಿಜವಾದ ಉದಾಹರಣೆ ಕೊಡು."

ಅರ್ಧ ತಾಸಿಗೆ ಉತ್ತರ ಬಂತು. "ಮೈಲಾರಿ ಕಾಕಾ, ನಮ್ಮ ಅಬ್ಬಾಂದೇ ಐತ್ರಿ. ಅಂಗಡಿ ಬೋರ್ಡಿನ್ಯಾಗ ಇದ್ದಂಗ ಪತ್ರದಾಗೂ ಹೆಸರನ್ನ ಕನ್ನಡ, ಮರಾಠಿ, ಉರ್ದು ಮೂರರಾಗೂ ಹಾಕ್ಯಾರ. ಎರಡು ವರ್ಷ ಆತು. ವಿಳಾಸ ಎರಡನೇ ಸಾಲಿನ್ಯಾಗ ಐತಿ."

ಖಾನಾಪುರದಲ್ಲಿ ಅಂಗಡಿ ಇಟ್ಟವನು ಯಾವ ಭಾಷೆಯ ಗಿರಾಕಿಯನ್ನೂ ಬಿಟ್ಟುಕೊಡುವುದಿಲ್ಲ. ಇಷ್ಟು ನನಗೆ ಹೊಳೆಯಬೇಕಿತ್ತು.

ಅವಳ ಬದಲಾವಣೆ ಹಾಕಿ ಪ್ರೋಗ್ರಾಂ ತೆರೆದೆ. ಸಮದನ ನಲವತ್ತು ಪತ್ರ ಬಂದು ನಿಂತವು. ಮೊದಲನೆಯದು: "ನಾಳೆ ಮುಂಜಾನಿ ಗಾಡಿಗೆ ಬರ್ತೀನಿ. ಯಾವ ವಾರ್ಡು ಹೇಳು." ಎರಡನೆಯದು: "ಬುತ್ತಿ ತಗೊಂಡು ಸಂಜಿತನಕ ಆಸ್ಪತ್ರಿ ಬಾಗಲದಾಗ ಕುಂತಿದ್ದೆ. ವಾರ್ಡು ಗೊತ್ತಿಲ್ದ ಒಳಗ ಬಿಡಲಿಲ್ಲ. ನೀ ಫೋನ್ ಎತ್ತಲಿಲ್ಲ. ವೈನಿ ಹ್ಯಾಂಗ ಅದಾರ?" ಉಳಿದವೆಲ್ಲ ರೇಡಿಯೋ ಮಾತು. ಪ್ರತಿಯೊಂದರ ಕೊನೆಗೂ ಸಿದ್ದಕ್ಕನ ಬಗ್ಗೆ ಅದೇ ಪ್ರಶ್ನೆ: ವೈನಿ ಹ್ಯಾಂಗ ಅದಾರ?

ನಾಚಿಕೆಯಿಂದ ಅಳು ಬಂತು. ಸಿದ್ದಕ್ಕ ಬಂದು ಓದಿದಳು.

"ನಿಮ್ಮ ಪ್ರೋಗ್ರಾಂ ಥೇಟ್ ನಿಮ್ಮಂಗ ಐತ್ರಿ," ಅಂದಳು. "ಅರ್ಧಾ ಮಾತು ಕೇಳಿ ಬಾಗಲಾ ಹಾಕ್ಕೋತೈತಿ."

ಒಂಬತ್ತೂ ಕಲ್ಲುಗಳನ್ನು ಅಳಿಸಿ, ಬದಲಾವಣೆಗೆ ಒಪ್ಪಿಗೆ ಒತ್ತಿ, ಸಿದ್ದಕ್ಕನನ್ನು ಕರೆದುಕೊಂಡು ಖಾನಾಪುರದ ಗಾಡಿ ಹತ್ತಿದೆ. ದೇಸೂರ ದಾಟುವವರೆಗೂ ಕ್ಷಮೆಯ ಮಾತು ಉರು ಹೊಡೆದೆ. ಸಮದ ಅಂಗಡಿಯಲ್ಲಿ ಒಂದು ರೇಡಿಯೋ ಬಿಚ್ಚಿಕೊಂಡು ಕುಳಿತಿದ್ದ. ನನ್ನನ್ನು ಕಂಡೂ ಕೆಲಸ ಬಿಡದವನು, ಹಿಂದೆ ನಿಂತ ಸಿದ್ದಕ್ಕನನ್ನು ಕಂಡು ಎದ್ದು ನಿಂತ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಉರು ಹೊಡೆದದ್ದೆಲ್ಲ ನನಗೆ ಮರೆತುಹೋಯಿತು.

"ಯಾವ ವಾರ್ಡ್ ಇತ್ತೋ, ಮೈಲಾರಿ?" ಎಂದು ಕೇಳಿದ.