ಕೊನೆಯ ಪುಸ್ತಕದ ಹೆಣ

ಮಸಣದಿಂದ ಬಂದವರು ಅಂಗಳದಲ್ಲಿ ಕಾಲು ತೊಳೆಯುವಾಗಲೂ ಹಿಂದಿನ ಓಣಿಯಲ್ಲಿ ಕಾಮಣ್ಣನ ಅಚ್ಚಿನ ಮಶೀನು ಧಡಕ್ ಧಡಕ್ ಎಂದು ಬಡಿಯುತ್ತಲೇ ಇತ್ತು.

"ಕಾಮಣ್ಣಾ, ನಮ್ಮಣ್ಣ ಸತ್ತ ದಿನಾನೂ ಓಡಸಾಕತ್ತೀಯಲ್ಲ. ಒಂದಿನ ಬಂದ್ ಮಾಡಿದ್ರ ನಿಂದೇನ ಗಂಟ ಹೋಗ್ತಿತ್ತು?" ಎಂದರು ಭಾವುಸಾಹೇಬರು.

"ಅವರದ ಪುಸ್ತಕ ರೀ, ಓಡಾಕತ್ತಿದ್ದು." ಪಕ್ಕದಲ್ಲೇ ಕಾಲು ತೊಳೆಯುತ್ತಿದ್ದ ಕಾಮಣ್ಣ ಬೆವರು ಒರೆಸಿಕೊಂಡ.

ಸತ್ತವರು ಶಾಂತಿನಾಥರು, ಅಥಣಿಗೆಲ್ಲ ಗೊತ್ತಿದ್ದ ಪತ್ತೇದಾರಿ ಕಾದಂಬರಿಕಾರ. ಜೈನರ ಮನೆ, ಹುಳ ಬಿದ್ದು ಸಾಯುತ್ತವೆಂದು ದೀಪ ಹಚ್ಚಿ ಎಂದೂ ಬರೆದವರಲ್ಲ, ಹಾಡುಹಗಲೇ ಕೂತು ಕೊಲೆ ಮಾಡಿಸುತ್ತಿದ್ದರು. ಕಾಗದದ ಮೇಲಾದರೂ ಕೊಲೆ ಕೊಲೆಯೇ ಎಂದು ಹೆಂಡತಿ ಕುಸುಮಾಬಾಯಿ ಒಂದೊಂದು ಹೆಣಕ್ಕೂ ಒಂದೊಂದು ದಿನ ನೀರೂ ಮುಟ್ಟದೆ ಉಪವಾಸ ಮಾಡುತ್ತಿದ್ದರು. ಅವರು ಸೊರಗಿದರೆ ಪುಸ್ತಕ ಚೆನ್ನಾಗಿದೆ ಎಂದು ಊರು ಚೇಷ್ಟೆ ಮಾಡುತ್ತಿತ್ತು.

ಈಗ ಅವರು ಗೋಡೆಗೊರಗಿ ಕೂತಿದ್ದರು. ನಿನ್ನೆ ಸಂಜೆಯಿಂದ ಬಾಯಿಗೆ ಹನಿ ನೀರಿಲ್ಲ. ನಾದಿನಿ ಮಂಗಲ ತಂಬಿಗೆ ಹಿಡಿದು ಅಂಗಲಾಚುತ್ತಿದ್ದಳು.

"ವೈನಿ, ಹೊತ್ತ ಮುಳಗಾಕ ಬಂತು. ಮುಳಗಿದ ಮ್ಯಾಲ ನೀವು ಹೆಂಗೂ ಕುಡಿಯೂದಿಲ್ಲ. ನಿಮಗೇನರ ಆದ್ರ ನಾ ಏನ ಮಾಡ್ಲಿ?"

"ಮೊದಲ ಕಾಮಣ್ಣಾವ್ರನ್ನ ಕರಿ."

*

ತೊಂಬತ್ತೊಂದರ ದೀಪಾವಳಿ ಮುಗಿದ ಮೇಲೆ ಶಾಂತಿನಾಥರು ಕೆಮ್ಮುತ್ತ ಬಂದು ಹಸ್ತಪ್ರತಿಯನ್ನು ಕಾಮಣ್ಣನ ಮುಂದಿಟ್ಟಿದ್ದರು.

"ಈ ಸಲ ಹೆಣ ಇಲ್ಲಪಾ. ಕಾಣೆಯಾದ ಗುಮಾಸ್ತ ಕಡೀಕ ಮನಿಗೆ ಬರ್ತಾನ."

"ಹೆಣ ಇಲ್ದ ಪತ್ತೇದಾರಿ ಯಾರ ಓದ್ತಾರ್ರೀ ಮಾರಾಯ್ರ!"

"ಅಕಿ ಕೈಲೆ ಇನ್ನ ಉಪವಾಸ ಆಗೂದಿಲ್ಲ. ಮಾತ ಕೊಟ್ಟೇನಿ."

ಕಾಮಣ್ಣ ಆಗಲಿ ಎಂದು ತಲೆಯಾಡಿಸಿದ್ದ. ಇವತ್ತು ಬೆಳಿಗ್ಗೆ ಸಾವಿನ ಸುದ್ದಿ ಬಂದಾಗ ಮಾತ್ರ ಬುದ್ಧಿ ಬೇರೆಯಾಯಿತು. ಈ ವಾರ ಪುಸ್ತಕಕ್ಕೆ ಗಿರಾಕಿ ಮುಗಿಬೀಳುತ್ತಾರೆಂದು ತಾನೇ ನಾಲ್ಕು ಸಾಲು ಬರೆದು ಗುಮಾಸ್ತನನ್ನು ಬಾವಿಯಲ್ಲಿ ತೇಲಿಸಿ, ಅಚ್ಚಿನ ಮೊಳೆ ಜೋಡಿಸಲು ಕೆಲಸದ ಹುಡುಗರಿಗೆ ಕೊಟ್ಟುಬಿಟ್ಟ. ಆ ಪುಟವೇ ಈಗ ಮಶೀನಿನ ಮೇಲಿತ್ತು.

*

ನೆರೆಮನೆಯ ಚನ್ನವ್ವ ಕೊಟ್ಟ ಚಹಾ ಹಿಡಿದುಕೊಂಡೇ ಕಾಮಣ್ಣ ಕುಸುಮಾಬಾಯಿಯ ಮುಂದೆ ಕೂತ.

"ಕಡೀ ಪುಸ್ತಕದಾಗ ಯಾರೂ ಸಾಯೂದಿಲ್ಲ ಅಂದಿದ್ರು. ಖರೇ ಹೇಳ್ರಿ. ಹೆಣ ಇದ್ರ ಅವ್ರ ಪಾಪ ನಾನ ಕಳೀಬೇಕು."

ಧಡಕ್ ಎಂದಿತು ಮಶೀನು. ಒಂದೊಂದು ಬಡಿತಕ್ಕೂ ಗುಮಾಸ್ತ ಒಮ್ಮೆ ಸಾಯುತ್ತಿದ್ದ. ಕಾಮಣ್ಣನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಯಾರೂ ಸಾಯೂದಿಲ್ರಿ ವೈನಿ. ಗುಮಾಸ್ತ ಮನಿಗೆ ಬರ್ತಾನ."

ಅವರು ಅವನ ಮುಖವನ್ನೇ ನೋಡಿದರು. ಅವನು ಕಪ್ಪನ್ನು ತುಟಿಗೂ ಹಚ್ಚದೆ ನೆಲಕ್ಕಿಟ್ಟು ಎದ್ದ. ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಓಣಿಗೆ ಓಡಿದ.

"ಚಹಾ ಬಿಟ್ಟ ಎಲ್ಲಿಗ್ರೀ?" ಎಂದು ಚನ್ನವ್ವ ಕೂಗಿದಳು.

ಕುಸುಮಾಬಾಯಿ ತಂಬಿಗೆ ತೆಗೆದುಕೊಂಡರು, ಆದರೆ ಕುಡಿಯಲಿಲ್ಲ. ಎದುರು ಮನೆಯ ಮಾಳಿಗೆಯ ಅಂಚಿನಲ್ಲಿ ಬಿಸಿಲು ಗೆರೆಯಷ್ಟೇ ಉಳಿದಿತ್ತು.

"ಇನ್ನೇನ್ರೀ ವೈನಿ, ಕುಡೀರಿ!"

"ತಡಿ." ಅವರು ಕಿವಿಗೊಟ್ಟು ಕೂತರು.

ಧಡಕ್. ಧಡಕ್. ಮಶೀನು ನಿಂತಿತು.

ಕುಸುಮಾಬಾಯಿ ತಂಬಿಗೆ ಎತ್ತಿದರು.